ಒಂಟೆಯಿಲ್ಲದ ನಾಡಿನ ಒಂಟೆಮುಳ್ಳು: ಓದುಗರ ಪ್ರಶ್ನೆ, ಬಲ್ಲವರ ಉತ್ತರ

ಕಲಹಾರಿಯ ಕೆಂಪು ಮರಳಿನಲ್ಲಿ ಕೊಡೆ ಬಿಚ್ಚಿದಂತೆ ನಿಲ್ಲುವ ಒಂದು ಜಾಲಿ ಮರವಿದೆ. ದಕ್ಷಿಣ ಆಫ್ರಿಕಾ, ನಮೀಬಿಯಾ, ಬೋಟ್ಸ್ವಾನಾಗಳ ಒಣನೆಲಕ್ಕೆ ಅದೇ ನೆರಳು, ಅದೇ ಮೇವು, ಅದೇ ಸೌದೆ. ಇಂಗ್ಲಿಷಿನಲ್ಲಿ ಅದು ಕ್ಯಾಮೆಲ್ ಥಾರ್ನ್, ಆಫ್ರಿಕಾನ್ಸ್‌ನಲ್ಲಿ ಕಮೀಲ್‌ಡೋರಿಂಗ್, ಸಸ್ಯಶಾಸ್ತ್ರದಲ್ಲಿ ಸದ್ಯಕ್ಕೆ ವಾಚೆಲಿಯಾ ಎರಿಯೊಲೋಬಾ. ಅದರ ಹೆಸರುಗಳ ಬಗ್ಗೆ ಬಂದ ಪ್ರಶ್ನೆಗಳನ್ನು ಈ ಸಲ ಒಟ್ಟಿಗೆ ಎತ್ತಿಕೊಂಡಿದ್ದೇವೆ.

ಪ್ರಶ್ನೆ: ದಕ್ಷಿಣ ಆಫ್ರಿಕಾದಲ್ಲಿ ಕಾಡು ಒಂಟೆಯೂ ಇಲ್ಲ, ಒಂಟೆ ಸಾಕುವ ಹಳೆಯ ರೂಢಿಯೂ ಇಲ್ಲ. ಹಾಗಿದ್ದ ಮೇಲೆ ಅಲ್ಲಿನ ಮರಕ್ಕೆ 'ಒಂಟೆಮುಳ್ಳು' ಎಂಬ ಹೆಸರು ಹೇಗೆ ಬಂತು?

ಉತ್ತರ: ಅನುವಾದದಲ್ಲಿ ಆದ ಎಡವಟ್ಟಿನಿಂದ. ಆ ಹೆಸರಿನಲ್ಲಿರುವುದು ಒಂಟೆಯಲ್ಲ, ಜಿರಾಫೆ.

ಆಫ್ರಿಕಾನ್ಸ್‌ನಲ್ಲಿ ಜಿರಾಫೆಗೆ 'ಕಮೀಲ್‌ಪೆರ್ಡ್' ಎನ್ನುತ್ತಾರೆ. ಕಮೀಲ್ ಎಂದರೆ ಒಂಟೆ, ಪೆರ್ಡ್ ಎಂದರೆ ಕುದುರೆ. ದಿನಬಳಕೆಯಲ್ಲಿ ಉದ್ದ ಹೆಸರಿನ ಬಾಲ ಉದುರುವುದು ಎಲ್ಲ ಭಾಷೆಯಲ್ಲೂ ಇದ್ದದ್ದೇ. ಬೇಟೆಗಾರರಿಗೂ ಗಾಡಿ ಹೊಡೆಯುವವರಿಗೂ 'ಕಮೀಲ್' ಎಂದರೇ ಜಿರಾಫೆ ಎಂದು ತಿಳಿಯುತ್ತಿತ್ತು. ಡೋರಿಂಗ್ ಎಂದರೆ ಮುಳ್ಳು. ಹಾಗಾಗಿ ಕಮೀಲ್‌ಡೋರಿಂಗ್ ಎಂದರೆ ಜಿರಾಫೆ ಮೇಯುವ ಮುಳ್ಳುಮರ. ಇಂಗ್ಲಿಷ್ ಮಾತಾಡುವವರು ಅದನ್ನು ಪದಕ್ಕೆ ಪದ ಇಟ್ಟು ಕ್ಯಾಮೆಲ್ ಥಾರ್ನ್ ಮಾಡಿಕೊಂಡರು. ಒಂಟೆ ಹುಟ್ಟಿದ್ದು ಅಲ್ಲಿ.

ಹಾಗಾದರೆ ಜಿರಾಫೆಯ ಹೆಸರಿನೊಳಗೆ ಒಂಟೆ ಹೇಗೆ ಹೊಕ್ಕಿತು ಎಂದು ಕೇಳಬಹುದು. ಅದು ಇನ್ನೂ ಹಳೆಯದು. ಒಂಟೆಯ ಕತ್ತು, ಚಿರತೆಯ ಮೈಚುಕ್ಕೆ ಎರಡನ್ನೂ ಸೇರಿಸಿ ಗ್ರೀಕರು ಜಿರಾಫೆಯನ್ನು 'ಕ್ಯಾಮೆಲೋಪಾರ್ಡಲಿಸ್' ಎಂದರು. 1758ರಲ್ಲಿ ಲಿನ್ನೇಯಸ್ ಅದೇ ಪದವನ್ನು ವೈಜ್ಞಾನಿಕ ಹೆಸರಿಗೆ ಎತ್ತಿಕೊಂಡ. ಕುಲ ಮಾತ್ರ ಜಿಂಕೆಯದ್ದು ಕೊಟ್ಟ! ಈಗಿನ ಹೆಸರು ಜಿರಾಫಾ ಕ್ಯಾಮೆಲೋಪಾರ್ಡಲಿಸ್. ಗ್ರೀಕಿನಲ್ಲಿ ಚಿರತೆ ಇದ್ದ ಜಾಗದಲ್ಲಿ ಆಫ್ರಿಕಾನ್ಸ್‌ನಲ್ಲಿ ಕುದುರೆ ನಿಂತಿದೆ, ಒಂಟೆ ಮಾತ್ರ ಎರಡರಲ್ಲೂ ಗಟ್ಟಿಯಾಗಿ ಕೂತಿದೆ.

ಮರಕ್ಕೂ ಜಿರಾಫೆಗೂ ನಂಟು ಸುಮ್ಮನೆ ಕಟ್ಟಿದ್ದಲ್ಲ. ಬೆರಳುದ್ದದ ಮುಳ್ಳುಗಳ ನಡುವೆ ಜಿರಾಫೆ ಸುಮಾರು 45 ಸೆಂ.ಮೀ. ಉದ್ದದ ನಾಲಿಗೆ ತೂರಿಸಿ ಎಲೆ ಎಳೆದುಕೊಳ್ಳುತ್ತದೆ. ಮರಕ್ಕೆ ಲ್ಯಾಟಿನ್ ಹೆಸರಿಟ್ಟವರೂ ಮೊದಲು ಇಟ್ಟದ್ದು 'ಜಿರಾಫೇ', ಅಂದರೆ 'ಜಿರಾಫೆಯ' ಎಂದೇ. ಆ ಹೆಸರು ಕೊಟ್ಟ ಬರ್ಲಿನ್ನಿನ ಸಸ್ಯಶಾಸ್ತ್ರಜ್ಞ ವಿಲ್ಡೆನೋ ತೀರಿಕೊಂಡದ್ದು 1812ರಲ್ಲಿ. ಜರ್ಮನ್ ಸೈನ್ಯ ಕಲಹಾರಿಯೊಳಕ್ಕೆ ಒಂಟೆಗಳ ಮೇಲೆ ದಂಡು ಹೋದದ್ದು 1908ರಲ್ಲಿ. ಆ ಒಂಟೆಗಳನ್ನು ನೋಡಿ ಮರಕ್ಕೆ ಹೆಸರು ಬಂತು ಎಂದು ಯಾರಾದರೂ ಹೇಳಿದರೆ ಈ ಎರಡು ವರ್ಷಗಳನ್ನು ಪಕ್ಕಪಕ್ಕ ಇಟ್ಟು ತೋರಿಸಿ, ಸಾಕು.

ಪ್ರಶ್ನೆ: ಗಿಡಮೂಲಿಕೆಯ ಬರಹವೊಂದರಲ್ಲಿ ಕ್ಯಾಮೆಲ್ ಥಾರ್ನ್ ಎಂದರೆ ಮೊಣಕಾಲೆತ್ತರದ ಪೊದೆ ಎಂದಿತ್ತು. ಇನ್ನೊಂದು ಕಡೆ 15 ಮೀಟರ್ ಮರ ಎಂದಿದೆ. ಯಾವುದು ಸರಿ?

ಉತ್ತರ: ಎರಡೂ ಸರಿ, ಗಿಡ ಬೇರೆ ಬೇರೆ. ಪೊದೆಯದ್ದು ಅಲ್ಹಾಗಿ ಎಂಬ ಕುಲ, ಪಶ್ಚಿಮ ಮತ್ತು ಮಧ್ಯ ಏಷ್ಯಾದ ಒಣನೆಲದ್ದು. ಅದನ್ನು ನಿಜವಾಗಿಯೂ ಒಂಟೆಗಳು ಮೇಯುತ್ತವೆ. ಅದರ ಒಂದು ಹಳೆಯ ಲ್ಯಾಟಿನ್ ಹೆಸರು ಕ್ಯಾಮೆಲೋರಮ್, 'ಒಂಟೆಗಳ' ಎಂದು. ಹೆಸರಿನ ಹಕ್ಕು ಕೇಳಿದರೆ ಪೊದೆಗೇ ಹೆಚ್ಚು. ಎರಡೂ ಬಟಾಣಿ ಕುಟುಂಬದವು ಎಂಬುದನ್ನು ಬಿಟ್ಟರೆ ಬೇರೆ ಹತ್ತಿರದ ನಂಟಿಲ್ಲ. ಔಷಧಿ, ಬೀಜ, ಮರಮುಟ್ಟು ಯಾವುದರ ಬಗ್ಗೆ ಓದುವಾಗಲೂ ಬರಿ 'ಕ್ಯಾಮೆಲ್ ಥಾರ್ನ್' ಎಂದಿದ್ದರೆ ನಂಬಿ ಮುಂದುವರಿಯಬೇಡಿ, ಲ್ಯಾಟಿನ್ ಹೆಸರು ಹುಡುಕಿ. ಒಂದರ ಗುಣವನ್ನು ಇನ್ನೊಂದಕ್ಕೆ ಅಂಟಿಸಿದ ಬರಹಗಳು ಬೇಕಾದಷ್ಟು ಸಿಗುತ್ತವೆ.

ಪ್ರಶ್ನೆ: ಮೂರು ಪುಸ್ತಕಗಳಲ್ಲಿ ಈ ಮರಕ್ಕೆ ಮೂರು ಹೆಸರು ನೋಡಿದೆ: ಅಕೇಸಿಯಾ ಜಿರಾಫೇ, ಅಕೇಸಿಯಾ ಎರಿಯೊಲೋಬಾ, ವಾಚೆಲಿಯಾ ಎರಿಯೊಲೋಬಾ. ವೈಜ್ಞಾನಿಕ ಹೆಸರು ಒಂದೇ ಇರುತ್ತದೆ ಎಂದು ಶಾಲೆಯಲ್ಲಿ ಕಲಿಸಿದ್ದು ಸುಳ್ಳೇ?

ಉತ್ತರ: ಸುಳ್ಳಲ್ಲ, ಅರ್ಧ ಹೇಳಿದ ನಿಜ. ಒಂದು ಕಾಲಕ್ಕೆ, ಒಂದು ವರ್ಗೀಕರಣಕ್ಕೆ ಒಂದೇ ಸರಿಯಾದ ಹೆಸರು. ಈ ಮರದ ವಿಷಯದಲ್ಲಿ ಎರಡು ಬದಲಾವಣೆ ಆಗಿವೆ, ಎರಡರ ಕಾರಣವೂ ಬೇರೆ. ಒಂದರಲ್ಲಿ ಎರಡನೇ ಪದ ಹೋಯಿತು, ಇನ್ನೊಂದರಲ್ಲಿ ಮೊದಲನೆಯದು.

ಮೊದಲು 'ಜಿರಾಫೇ' ಹೋದ ಕತೆ. ಸಸ್ಯದ ಹೆಸರು ಅಂಟಿಕೊಂಡಿರುವುದು ಕಾಡಿನ ಮರಕ್ಕಲ್ಲ, ಹಾಳೆಗೆ ಅಂಟಿಸಿ ಒಣಗಿಸಿಟ್ಟ ಒಂದು ಕೊಂಬೆಗೆ. ಅದನ್ನು ಮೂಲಮಾದರಿ ಎನ್ನೋಣ. ಆ ಕೊಂಬೆ ಯಾವ ಜಾತಿಗೆ ಸೇರುತ್ತದೋ ಹೆಸರೂ ಆ ಜಾತಿಗೇ. ಜೊತೆಗೆ ಇನ್ನೊಂದು ನಿಯಮ: ಒಂದೇ ಜಾತಿಗೆ ಎರಡು ಹೆಸರು ಬಿದ್ದಿದ್ದರೆ ಮೊದಲು ಪ್ರಕಟವಾದದ್ದು ಗೆಲ್ಲುತ್ತದೆ. ವಿಲ್ಡೆನೋ ಕೊಟ್ಟ 'ಜಿರಾಫೇ' ಹಳೆಯದು. ಕ್ಯೋನಿಗ್ಸ್‌ಬರ್ಗ್‌ನ ಪ್ರಾಧ್ಯಾಪಕ ಅರ್ನ್‌ಸ್ಟ್ ಮೇಯರ್ 'ಎರಿಯೊಲೋಬಾ' ಎಂದದ್ದು 1836ರಲ್ಲಿ. ದಕ್ಷಿಣ ಆಫ್ರಿಕಾದಲ್ಲಿ ಎಂಟು ವರ್ಷ ತಿರುಗಿ ಗಿಡ ಕೂಡಿಸಿದ್ದ ಡ್ರೆಜೆ ಎಂಬಾತನ ಸಂಗ್ರಹವನ್ನು ನೋಡಿ ಬರೆದ ಗ್ರಂಥದಲ್ಲಿ. ಹಿರಿತನದ ಲೆಕ್ಕದಲ್ಲಿ ಜಿರಾಫೆಯೇ ಗೆದ್ದು ನೂರಕ್ಕೂ ಹೆಚ್ಚು ವರ್ಷ ಪುಸ್ತಕಗಳಲ್ಲಿ ಮೆರೆಯಿತು.

ಆಮೇಲೆ ಮೂಲಮಾದರಿಯನ್ನು ಬಿಡಿಸಿ ನೋಡಿದವರಿಗೆ ಕಂಡದ್ದೇ ಬೇರೆ. ವಿಲ್ಡೆನೋ ಕೈಗೆ ಸಿಕ್ಕಿದ್ದ ಕೊಂಬೆ ಅಪ್ಪಟ ಕಮೀಲ್‌ಡೋರಿಂಗ್‌ದಲ್ಲ. ಅದು ಇದೇ ಮರ ಮತ್ತು ಇದರ ಸೋದರಿ ವಾಲ್‌ಕಮೀಲ್‌ಡೋರಿಂಗ್, ಅಂದರೆ ಬೂದು ಒಂಟೆಮುಳ್ಳು, ಎರಡೂ ಕೂಡಿ ಹುಟ್ಟಿದ ಮಿಶ್ರತಳಿ. ಕಲಹಾರಿಯಲ್ಲಿ ಇವೆರಡೂ ಒಂದೇ ಮರಳಿನಲ್ಲಿ ಬೆಳೆಯುವುದರಿಂದ ಇಂಥ ಬೆರಕೆ ಆಗುತ್ತಲೇ ಇರುತ್ತದೆ. ಹೆಸರು ಕೊಂಬೆಯ ಹಿಂದೆ ಹೋಗಬೇಕಲ್ಲ, ಹೋಯಿತು. ಜಿರಾಫೇ ಮಿಶ್ರತಳಿಯ ಪಾಲಾಯಿತು, 1970ರ ದಶಕದ ಪುಸ್ತಕಗಳಿಂದ ಮರಕ್ಕೆ 'ಎರಿಯೊಲೋಬಾ' ಉಳಿಯಿತು. ಇಡೀ ಪ್ರಸಂಗದಲ್ಲಿ ನಮಗೆ ಬೇಸರ ತರಿಸುವ ಭಾಗ ಇದೇ: ತಪ್ಪು ಅನುವಾದ ಇಂಗ್ಲಿಷಿನಲ್ಲಿ ಭದ್ರವಾಗಿ ಉಳಿದುಕೊಂಡಿತು, ನಿಜ ಹೇಳುತ್ತಿದ್ದ ಲ್ಯಾಟಿನ್ ಪದ ನಿಯಮಕ್ಕೆ ಬಲಿಯಾಯಿತು.

ಈಗ ಅಕೇಸಿಯಾ ಹೋದ ಕತೆ. 1754ರಲ್ಲಿ ಫಿಲಿಪ್ ಮಿಲ್ಲರ್ ಪ್ರಕಟಿಸಿದ ಅಕೇಸಿಯಾ ಕುಲ ಬೆಳೆದು ಬೆಳೆದು ಸಾವಿರದ ಮುನ್ನೂರು ಚಿಲ್ಲರೆ ಜಾತಿಗಳ ಮೂಟೆಯಾಗಿತ್ತು. ಅದು ಒಂದೇ ಬಳ್ಳಿಯ ಕುಡಿಗಳಲ್ಲ, ಒಡೆಯಲೇಬೇಕು ಎಂದು ವಂಶ ಜಾಲಾಡಿದವರು ತೋರಿಸಿದರು. ಒಡೆದಾಗ 'ಅಕೇಸಿಯಾ' ಎಂಬ ಹೆಸರು ಯಾವ ಪಾಲಿಗೆ? ನಿಯಮದ ಪ್ರಕಾರ ಮೂಲಮಾದರಿ ಇರುವ ಪಾಲಿಗೆ. ಆ ಮಾದರಿ ನಾವು ಕರಿಜಾಲಿ ಎನ್ನುವ ಮರದ್ದು, ಅದು ಆಫ್ರಿಕಾದ ಮುಳ್ಳುಜಾಲಿಗಳ ಗುಂಪಿಗೇ ಸೇರಿದ್ದು. ಹಾಗೇ ಬಿಟ್ಟಿದ್ದರೆ ಆಸ್ಟ್ರೇಲಿಯಾದ ಸಾವಿರದ ಹತ್ತಿರ ಜಾತಿಗಳಿಗೆ ಹೊಸ ಹೆಸರು ಬರೆಯಬೇಕಿತ್ತು. ಅದನ್ನು ತಪ್ಪಿಸಲು ಮೂಲಮಾದರಿಯನ್ನೇ ಬದಲಿಸಿ ಅಕೇಸಿಯಾ ಪೆನ್ನಿನರ್ವಿಸ್ ಎಂಬ ಆಸ್ಟ್ರೇಲಿಯಾದ ಜಾತಿಯನ್ನು ಕೂರಿಸುವ ಪ್ರಸ್ತಾವ ಬಂತು. ಸಸ್ಯಗಳ ಹೆಸರಿನ ನಿಯಮ ತೀರ್ಮಾನಿಸುವ ಅಂತರರಾಷ್ಟ್ರೀಯ ಸಸ್ಯಶಾಸ್ತ್ರ ಸಮಾವೇಶ 2005ರಲ್ಲಿ ವಿಯೆನ್ನಾದಲ್ಲಿ ಸೇರಿದಾಗ ಅದರ ವಿರುದ್ಧ ಅರ್ಧಕ್ಕಿಂತ ಹೆಚ್ಚು ಮತ ಬಿದ್ದವು. ಆದರೆ ಪ್ರಸ್ತಾವವನ್ನು ಒಪ್ಪಿದ್ದ ಸಮಿತಿಯ ಶಿಫಾರಸು ತಳ್ಳಿಹಾಕಲು ಶೇ. 60 ಬೇಕಿತ್ತು, ಅಷ್ಟು ಬರಲಿಲ್ಲ. 2011ರಲ್ಲಿ ಮೆಲ್ಬರ್ನ್‌ನಲ್ಲಿ ಅದೇ ನಿಂತಿತು. ಸಮಾವೇಶ ಆಸ್ಟ್ರೇಲಿಯಾದಲ್ಲೇ ನಡೆದದ್ದು ಕಾಕತಾಳೀಯ ಇರಬಹುದು, ಆಫ್ರಿಕಾದ ಅನೇಕರಿಗೆ ಮಾತ್ರ ಅದು ಗಂಟಲಲ್ಲಿ ಇಳಿಯಲಿಲ್ಲ.

ಪರಿಣಾಮವಾಗಿ ಆಫ್ರಿಕಾದ ಮುಳ್ಳುಜಾಲಿಗಳು ವಾಚೆಲಿಯಾ ಮತ್ತು ಸೆನೆಗಾಲಿಯಾ ಎಂಬ ಎರಡು ಕುಲಗಳಿಗೆ ಹಂಚಿಹೋದವು. ನಮ್ಮ ಮರ ವಾಚೆಲಿಯಾಕ್ಕೆ ಬಂದದ್ದು 2008ರಲ್ಲಿ. ಮೂರು ಪುಸ್ತಕಗಳ ಪ್ರಕಟಣೆಯ ವರ್ಷ ನೋಡಿ, ಯಾವ ಹೆಸರು ಯಾಕೆ ಎಂದು ತಾನೇ ಬಿಡಿಸಿಕೊಳ್ಳುತ್ತದೆ. ಬರೆಯುವುದಾದರೆ ಇವತ್ತಿಗೆ ವಾಚೆಲಿಯಾ ಎರಿಯೊಲೋಬಾ.

ಪ್ರಶ್ನೆ: 'ಎರಿಯೊಲೋಬಾ' ಎಂದರೆ ಏನು? ಉಣ್ಣೆ ಎಂದು ಎಲ್ಲೋ ಓದಿದೆ. ಮರಕ್ಕೂ ಉಣ್ಣೆಗೂ ಏನು ಸಂಬಂಧ?

ಉತ್ತರ: ಗ್ರೀಕಿನ ಎರಿಯೊನ್ ಎಂದರೆ ಉಣ್ಣೆ, ಲೋಬೋಸ್ ಎಂದರೆ ಹಾಲೆ, ಕಿವಿಯ ಹಾಲೆಗೂ ಅದೇ ಪದ, ಅವರೆ ತೊಗರಿಗಳ ಕಾಯಿಗೂ ಅದೇ. 'ಉಣ್ಣೆಗಾಯಿಯ ಮರ' ಎನ್ನಿ.

ಕಾಯಿಯನ್ನು ಕೈಯಲ್ಲಿ ಹಿಡಿದರೆ ಪದ ಯಾಕೆ ಬಂತು ತಿಳಿಯುತ್ತದೆ. ನಮ್ಮ ಜಾಲಿಕಾಯಿಯಂತೆ ತೆಳ್ಳಗೆ ಮಣಿಸರದ ಹಾಗೆ ಇರುವುದಿಲ್ಲ. ದಪ್ಪ, ಅರ್ಧಚಂದ್ರಾಕಾರ, ಉದ್ದ 13 ಸೆಂ.ಮೀ. ತನಕ, ಅಗಲ 5 ಸೆಂ.ಮೀ. ತನಕ, ಮೈಮೇಲೆ ಬೂದುಬಣ್ಣದ ನವಿರು. ನಮ್ಮನ್ನು ಕೇಳಿದರೆ ಅದು ಉಣ್ಣೆಗಿಂತ ಮಖಮಲ್ಲಿಗೆ ಹತ್ತಿರ, ಮುದಿ ಪ್ರಾಣಿಯ ಕಿವಿ ಮುಟ್ಟಿದ ಹಾಗೆ. ಮುರಿದರೆ ಒಳಗೆ ಒಣಗಿದ ಬೆಂಡು, ಬೆಂಡಿನೊಳಗೆ ಸುಮಾರು 1 ಸೆಂ.ಮೀ.ನ ಗಟ್ಟಿ ಕಂದು ಬೀಜಗಳು. ಅಲುಗಿಸಿದರೆ ಗಿಲಗಿಲ ಎನ್ನುತ್ತವೆ.

ಗುರುತಿಗೆ ಈ ನವಿರೊಂದನ್ನೇ ನಂಬಿದರೆ ಮೋಸಹೋಗುತ್ತೀರಿ. ಬೂದು ಒಂಟೆಮುಳ್ಳಿನ ಕಾಯಿಗೂ ನವಿರಿದೆ. ಆದರೆ ಅದರ ಕಾಯಿ ಕಿರಿದು, ಉದ್ದ, ಕುಡುಗೋಲಿನಂತೆ ಬಾಗಿದ್ದು. ಎಲೆ ನೋಡಿದರೆ ಇನ್ನೂ ಖಚಿತ: ಎರಿಯೊಲೋಬಾದಲ್ಲಿ ಎಲೆಕಡ್ಡಿಗೆ 2ರಿಂದ 5 ಜೊತೆ ಕವಲು, ಎಲೆಗಳು ಬಿಡಿಬಿಡಿಯಾಗಿ ಕಾಣುತ್ತವೆ; ಬೂದು ಮರದಲ್ಲಿ ಎಲೆಗಳು ಎಷ್ಟು ಸಣ್ಣ, ಎಷ್ಟು ಒತ್ತು ಎಂದರೆ ಇಡೀ ಕವಲು ಒಂದೇ ಬೂದು ಪಟ್ಟಿಯಂತಿರುತ್ತದೆ. ಎರಡರ ನಡುವಿನ ಲಕ್ಷಣ ಕಂಡರೆ ನೀವು ನೋಡುತ್ತಿರುವುದು ವಿಲ್ಡೆನೋನನ್ನು ದಾರಿ ತಪ್ಪಿಸಿದ ಬೆರಕೆ ಇರಬಹುದು. ಅಂದಹಾಗೆ ಬೂದು ಮರದ ಲ್ಯಾಟಿನ್ ಹೆಸರು ಹೀಮಟಾಕ್ಸಿಲಾನ್, 'ರಕ್ತದ ಮರ'. ಅದರ ಕಾಂಡದ ತಿರುಳು ಕೆಂಪು. ಆಫ್ರಿಕಾನ್ಸ್ ಹೆಸರು ಎಲೆ ನೋಡಿ ಇಟ್ಟದ್ದು, ಲ್ಯಾಟಿನ್ ಹೆಸರು ಕೊಡಲಿ ಹಾಕಿ ಇಟ್ಟದ್ದು.

ಕಾಯಿ ಒಣಗಿದರೂ ತಾನಾಗಿ ಬಿರಿಯುವುದಿಲ್ಲ. ದನ, ಆನೆ, ಜಿಂಕೆಗಳು ಇಡಿಯಾಗಿ ತಿಂದು ಬೀಜ ಸಗಣಿಯಲ್ಲಿ ಹೊರಬರಬೇಕು. ಬೀಜದ ಸಿಪ್ಪೆ ನೀರನ್ನೇ ಒಳಗೆ ಬಿಡದಷ್ಟು ಗಟ್ಟಿ. ಸಸಿ ಮಾಡುವವರು ಕುದಿನೀರನ್ನು ಒಲೆಯಿಂದ ಇಳಿಸಿ ಬೀಜದ ಮೇಲೆ ಸುರಿದು ಅದೇ ನೀರಿನಲ್ಲಿ 24 ಗಂಟೆ ಬಿಡುತ್ತಾರೆ. ಉಬ್ಬಿದ್ದನ್ನು ಬಿತ್ತಬೇಕು, ಉಬ್ಬದ್ದನ್ನು ಅರದಿಂದ ಒಂದು ಕಡೆ, ಮೊಳಕೆಯ ಕಣ್ಣು ಇರುವ ತುದಿ ಬಿಟ್ಟು, ಸವೆಸಿ ಮತ್ತೆ ನೆನೆಸಬೇಕು. ಸೂಜಿ ಚುಚ್ಚಿದಂಥ ತೂತು ಇದ್ದರೆ ಎಸೆಯಿರಿ, ಒಳಗಿನದನ್ನು ಹುಳು ತಿಂದು ಮುಗಿಸಿರುತ್ತದೆ. ಚಪ್ಪಟೆ ತಟ್ಟೆಯಲ್ಲಿ ಬಿತ್ತಿದವರೇ ಹೆಚ್ಚು ಸೋಲುವುದು: ಎಲೆ ಎರಡು ಮೂಡುವಷ್ಟರಲ್ಲಿ ತಾಯಿಬೇರು ತಳ ಮುಟ್ಟಿ ಸುತ್ತಿಕೊಳ್ಳುತ್ತದೆ, ಆಮೇಲೆ ಕಿತ್ತು ನೆಟ್ಟರೆ ಬದುಕುವುದು ಕಷ್ಟ. ಮೊದಲಿಂದಲೇ ಆಳದ ಚೀಲ ಬೇಕು.

ಪ್ರಶ್ನೆ: ವಾಚೆಲಿಯಾ ಎಂಬುದು ಯಾರ ಹೆಸರು? ಆ ವ್ಯಕ್ತಿ ಕಲಹಾರಿಗೆ ಹೋಗಿದ್ದನೇ?

ಉತ್ತರ: ಜಾರ್ಜ್ ಹಾರ್ವಿ ವಾಚೆಲ್ ಎಂಬ ಪಾದ್ರಿಯದ್ದು. ಗಿಡ ಕೂಡಿಸುವ ಹುಚ್ಚಿದ್ದ ಆತ ಕೆಲಸ ಮಾಡಿದ್ದು ಚೀನಾದಲ್ಲಿ. ಅವನಿಗೆ ಕುಲವೊಂದನ್ನು ಅರ್ಪಿಸಿದವರು ರಾಬರ್ಟ್ ವೈಟ್ ಮತ್ತು ವಾಕರ್ ಆರ್ನಾಟ್. 1834ರಲ್ಲಿ, ಭಾರತದ ದಕ್ಷಿಣ ಪರ್ಯಾಯದ್ವೀಪದ ಸಸ್ಯಗಳ ಮೇಲಿನ ಗ್ರಂಥದಲ್ಲಿ. ವೈಟ್ ಮದರಾಸಿನ ವೈದ್ಯ. ಅವರ ಕಣ್ಣಮುಂದೆ ಇದ್ದ ಮಾದರಿ ಕಸ್ತೂರಿಜಾಲಿ, ಅದರ ಜಾತಿ ಹೆಸರು ಫಾರ್ನೇಸಿಯಾನಾ, ರೋಮ್‌ನಲ್ಲಿದ್ದ ಫಾರ್ನೀಸ್ ಮನೆತನದ ತೋಟದಿಂದ ಬಂದದ್ದು. ಮೂಲದಲ್ಲಿ ಆ ಗಿಡ ಅಮೆರಿಕ ಖಂಡದ್ದು. ಚೀನಾದ ಪಾದ್ರಿ, ಮದರಾಸಿನ ವೈದ್ಯ, ರೋಮಿನ ತೋಟ, ಅಮೆರಿಕದ ಗಿಡ. ಕಲಹಾರಿಯ ಮರದ ಮೊದಲ ಪದದಲ್ಲಿ ಕಲಹಾರಿಯೊಂದೇ ಇಲ್ಲ. ಅಕೇಸಿಯಾ ಒಡೆದಾಗ ಮುಳ್ಳುಜಾಲಿಗಳ ಪಾಲಿಗೆ ಮೂಲೆಯಲ್ಲಿ ಬಿದ್ದಿದ್ದ ಈ ಹಳೆಯ ಹೆಸರೇ ಹಿರಿದಾದ್ದರಿಂದ ಅದನ್ನು ಮತ್ತೆ ಎತ್ತಿ ಕೂರಿಸಿದರು.

ಪ್ರಶ್ನೆ: ತೋಟದ ಫಲಕಕ್ಕೆ ಹೆಸರು ಬರೆಸಬೇಕು. ಜಾತಿ ಹೆಸರಿನ ಮುಂದೆ ಕಂಸದಲ್ಲಿ ಒಂದು ಹೆಸರು, ಕಂಸದ ಹೊರಗೆ ಇನ್ನೊಂದು ಇರುತ್ತದೆ. ಅದು ಬೇಕೇ? ಯಾವ ತಪ್ಪುಗಳಿಂದ ಎಚ್ಚರ ಇರಬೇಕು?

ಉತ್ತರ: ಫಲಕಕ್ಕೆ ಬೇಕಿಲ್ಲ, ಹರ್ಬೇರಿಯಂ (ಒಣಗಿಸಿದ ಗಿಡಗಳ ಸಂಗ್ರಹ) ಚೀಟಿಗೆ ಬೇಕು. ಈ ಮರದ ಪೂರ್ಣ ರೂಪ: ವಾಚೆಲಿಯಾ ಎರಿಯೊಲೋಬಾ (ಇ.ಮೇ.) ಪಿ.ಜೆ.ಎಚ್.ಹರ್ಟರ್. ಕಂಸದೊಳಗಿನದು 1836ರಲ್ಲಿ 'ಎರಿಯೊಲೋಬಾ' ಎಂದು ಮೊದಲು ಕರೆದ ಅರ್ನ್‌ಸ್ಟ್ ಮೇಯರ್. ಹೊರಗಿನದು ಆ ಪದವನ್ನು ಹೊಸ ಕುಲಕ್ಕೆ ತಂದವರು. ಕಂಸ ಕಂಡರೆ 'ಈ ಗಿಡ ಒಮ್ಮೆಯಾದರೂ ಮನೆ ಬದಲಿಸಿದೆ' ಎಂದು ಓದಿಕೊಳ್ಳಿ. ಕಂಸ ಬಿಟ್ಟು ಬರೆದರೆ ಅರ್ಥ ಬದಲಾಗುತ್ತದೆ.

ಲ್ಯಾಟಿನ್ ಲಿಪಿಯಲ್ಲಿ ಬರೆಸುವಾಗ ಕುಲಕ್ಕೆ ದೊಡ್ಡಕ್ಷರ, ಜಾತಿಗೆ ಸಣ್ಣಕ್ಷರ, ಎರಡೂ ಓರೆಯಾಗಿ. ಕರ್ತೃವಿನ ಹೆಸರು ನೆಟ್ಟಗೆ. ಕನ್ನಡ ಲಿಪಿಯಲ್ಲಿ ದೊಡ್ಡದು ಸಣ್ಣದು ಇಲ್ಲದ್ದರಿಂದ ಎರಡು ಪದ ಬಿಡಿಸಿ ಬರೆಯಿರಿ, ಸಂಧಿ ಮಾಡಬೇಡಿ. 'ವಾಚೆಲಿಯೆರಿಯೊಲೋಬಾ' ಎಂದು ಕೂಡಿಸಿದರೆ ಹುಡುಕುವವರಿಗೆ ಸಿಗುವುದಿಲ್ಲ.

ಹೆಚ್ಚು ಮಂದಿ ಎಡವುವುದು 'ತಿದ್ದಲು' ಹೋಗಿ. ಸೋದರ ಜಾತಿ ಸ್ವೀಟ್ ಥಾರ್ನ್‌ನ ಹೆಸರು ವಾಚೆಲಿಯಾ ಕರ್ರೂ. ಅದು ಕರೂ ಎಂಬ ಒಣಸೀಮೆಯಿಂದ ಬಂದದ್ದು. ಈಗ ಆ ಸೀಮೆಯ ಹೆಸರನ್ನು ಒಂದೇ 'ಆರ್' ಅಕ್ಷರದಲ್ಲಿ ಬರೆಯುತ್ತಾರೆ. ಆದರೆ ಮರದ ಹೆಸರು ಪ್ರಕಟವಾದಾಗ ಎರಡು 'ಆರ್' ಇದ್ದವು, ಎರಡೇ ಇರಬೇಕು. ಇನ್ನೊಂದು ತಪ್ಪು ಲಿಂಗದ್ದು. ಕುಲದ ಹೆಸರು ಸ್ತ್ರೀಲಿಂಗವಾದ್ದರಿಂದ ಗುಣವಾಚಕಗಳು ಅದಕ್ಕೆ ಹೊಂದಿಕೊಳ್ಳುತ್ತವೆ: ಎರಿಯೊಲೋಬಾ, ನಿಲೋಟಿಕಾ. ಹೀಮಟಾಕ್ಸಿಲಾನ್ ಮಾತ್ರ ನಾಮಪದ, ಅದನ್ನು '-ಲಾ' ಮಾಡಲು ಹೋಗಬಾರದು.

ಪ್ರಶ್ನೆ: ಕಾಡಿನಲ್ಲಿ ನಿಂತು ವಾಚೆಲಿಯಾ ಯಾವುದು, ಸೆನೆಗಾಲಿಯಾ ಯಾವುದು ಎಂದು ಹೇಳುವುದು ಹೇಗೆ?

ಉತ್ತರ: ಮುಳ್ಳು ನೋಡಿ. ಜಾಲಿಯಂತೆ ಜೋಡಿಯಾಗಿ ನೆಟ್ಟಗಿದ್ದರೆ ವಾಚೆಲಿಯಾ, ಸೀಗೆಯಂತೆ ಕೊಕ್ಕೆಯಾಗಿದ್ದರೆ ಸೆನೆಗಾಲಿಯಾ. ಹೂವು ಉಂಡೆಯಾಗಿದ್ದರೆ ವಾಚೆಲಿಯಾ, ಕಡ್ಡಿಯಂತೆ ತೆನೆಯಾಗಿದ್ದರೆ ಸಾಮಾನ್ಯವಾಗಿ ಸೆನೆಗಾಲಿಯಾ. ಎಡವುವ ಜಾಗ ಎರಡು. ವಾಚೆಲಿಯಾ ಟಾರ್ಟಿಲಿಸ್‌ನಲ್ಲಿ ನೆಟ್ಟಗಿನ ಮುಳ್ಳೂ ಕೊಕ್ಕೆಯೂ ಒಂದೇ ಕೊಂಬೆಯಲ್ಲಿರುತ್ತವೆ. ಸ್ವಾರ್ಟ್‌ಹಾಕ್, ಅಂದರೆ 'ಕರಿಕೊಕ್ಕೆ' ಎಂಬ ಸೆನೆಗಾಲಿಯಾ ಮೆಲ್ಲಿಫೆರಾದ ಹೂವು ಉಂಡೆಯಂತೆಯೇ ಕಾಣುತ್ತದೆ. ಅಲ್ಲಿ ಹೂವನ್ನು ಬಿಟ್ಟು ಕೊಕ್ಕೆಯನ್ನು ನಂಬಿ. ಅಂಗಿ ಸಿಕ್ಕಿಕೊಂಡ ಮೇಲೆ ಸಂಶಯ ಉಳಿಯುವುದೂ ಇಲ್ಲ.

ಎರಿಯೊಲೋಬಾದ್ದು ನೆಟ್ಟಗಿನ ಮುಳ್ಳು, 6 ಸೆಂ.ಮೀ. ತನಕ, ಬುಡ ಅನೇಕ ಸಲ ಉಬ್ಬಿರುತ್ತದೆ. ಎಳೆ ರೆಂಬೆ ಪ್ರತಿ ಗೆಣ್ಣಿನಲ್ಲೂ ದಿಕ್ಕು ಬದಲಿಸಿ ಅಂಕುಡೊಂಕಾಗಿ ಸಾಗುತ್ತದೆ. ಹೂವು ಚಿನ್ನದ ಬಣ್ಣದ ಉಂಡೆ.

ಪ್ರಶ್ನೆ: ಡಚ್ಚರು, ಇಂಗ್ಲಿಷರು ಬರುವ ಮೊದಲೂ ಮರ ಇತ್ತಲ್ಲ. ಅಲ್ಲಿನ ಜನ ಏನೆನ್ನುತ್ತಾರೆ? ಅವರ ಹೆಸರಿನಲ್ಲೂ ಜಿರಾಫೆ ಇದೆಯೇ?

ಉತ್ತರ: ಇಲ್ಲ. ಸೆಟ್ಸ್ವಾನಾ ಭಾಷೆಯಲ್ಲಿ ಈ ಮರ 'ಮೊಗೊಟ್ಲೊ', 'ಮೊಕಾಲಾ'. ಜಿರಾಫೆ 'ಥುಟ್ಲ್ವಾ'. ಒಂದಕ್ಕೊಂದು ಸಂಬಂಧವಿಲ್ಲ. ಮೊದಲಿನ 'ಮೊ' ಆ ಭಾಷೆಯಲ್ಲಿ ಮರಗಿಡಗಳ ಹೆಸರಿಗೆ ಹತ್ತುವ ಪೂರ್ವಪ್ರತ್ಯಯ. ಮೊರುಲಾ, ಮೊಪಾನೆ ಎಲ್ಲದರಲ್ಲೂ ಅದೇ ಇದೆ. ಇಂಗ್ಲಿಷಿನಲ್ಲಿ ಮೊರುಲಾ 'ಮರೂಲಾ' ಆಗಿದೆ. 2007ರಲ್ಲಿ ಕಿಂಬರ್ಲಿಯ ಹತ್ತಿರ ಘೋಷಿಸಿದ ಮೊಕಾಲಾ ರಾಷ್ಟ್ರೀಯ ಉದ್ಯಾನಕ್ಕೆ ಈ ಮರದ್ದೇ ಹೆಸರು.

ನಾಮಾ ಮತ್ತು ದಾಮರಾ ಜನರ ಖೊಯೆಖೊಯೆ ಭಾಷೆಯಲ್ಲಿ ಇದು 'ಗನಬ್', ಆದರೆ 'ಗ'ಕ್ಕೆ ಮೊದಲು ಒಂದು ಕ್ಲಿಕ್ ಧ್ವನಿ ಇದೆ. ನಾಲಿಗೆಯ ಬದಿಯನ್ನು ಕೆನ್ನೆ ಹಲ್ಲಿಂದ ಸೆಳೆದು, ಕುದುರೆಯನ್ನು ಹುರಿದುಂಬಿಸುವಾಗ 'ಟ್ಲಕ್' ಎನಿಸುತ್ತೇವಲ್ಲ, ಅದು. ಅವರ ಬರವಣಿಗೆಯಲ್ಲಿ ಎರಡು ನೇರ ಗೀಟು ಎಳೆದು ತೋರಿಸುತ್ತಾರೆ. ನಮ್ಮ ಲಿಪಿಯಲ್ಲಿ ಅದಕ್ಕೆ ಅಕ್ಷರವಿಲ್ಲ. ಕೊನೆಯ 'ಬ್' ಪುಲ್ಲಿಂಗ ಏಕವಚನದ ಗುರುತು. ಲ್ಯಾಟಿನ್‌ನಲ್ಲಿ ಹೆಣ್ಣಾದ ಮರ ನಾಮಾದಲ್ಲಿ ಗಂಡು. ನಮೀಬಿಯಾದ ನಮಿಬ್-ನೌಕ್ಲುಫ್ಟ್ ಉದ್ಯಾನದಲ್ಲಿ ಗನಬ್ ಎಂಬ ಜಾಗವೇ ಇದೆ. ನಕಾಶೆಗೆ ಬರುವಾಗ ಕ್ಲಿಕ್ ಉದುರಿಹೋಗಿದೆ.

ಅದೇ ಉದ್ಯಾನದ ಡೆಡ್‌ವ್ಲೇಯಲ್ಲಿ ಬಿಳಿ ಜೇಡಿಯ ಮೇಲೆ ಕಪ್ಪಗೆ ನಿಂತ, ಫೋಟೊಗಳಲ್ಲಿ ಎಲ್ಲರೂ ನೋಡಿರುವ ಆ ಸತ್ತ ಮರಗಳು ಇದೇ ಜಾತಿಯವು. ಮರಳಗುಡ್ಡಗಳು ಅಡ್ಡ ಬಂದು ಸೌಚಾಬ್ ನದಿಯ ನೀರು ನಿಂತ ಮೇಲೆ ಒಣಗಿ, ಕೊಳೆಯಲು ತೇವವೂ ಇಲ್ಲದೆ ನೂರಾರು ವರ್ಷದಿಂದ ಹಾಗೇ ನಿಂತಿವೆ. ಆ ಜಾಗದ ಹೆಸರೂ ಬೆರಕೆಯೇ: 'ಡೆಡ್' ಇಂಗ್ಲಿಷ್, 'ವ್ಲೇ' ಆಫ್ರಿಕಾನ್ಸ್, ನೀರು ನಿಲ್ಲುವ ತಗ್ಗು.

ಪ್ರಶ್ನೆ: ಆಫ್ರಿಕಾದ ಗಿಡಗಳ 'ಕಾಫ್ರಾ' ಎಂಬ ಹೆಸರನ್ನು ತೆಗೆದುಹಾಕಿದ್ದಾರೆಂದು ಸುದ್ದಿ. ಒಂಟೆಮುಳ್ಳಿಗೂ ಅದು ತಟ್ಟುತ್ತದೆಯೇ?

ಉತ್ತರ: ಒಂಟೆಮುಳ್ಳಿಗೆ ಇಲ್ಲ, ಅದರ ನೆಂಟರಿಗೆ ಹೌದು. ಅರಬಿಯ ಒಂದು ಪದದಿಂದ ಬಂದ 'ಕಾಫ್ರಾ' ಹಳೆಯ ಸಸ್ಯಶಾಸ್ತ್ರದಲ್ಲಿ ದಕ್ಷಿಣ ಆಫ್ರಿಕಾದ ಪೂರ್ವ ಭಾಗವನ್ನು ಸೂಚಿಸುತ್ತಿತ್ತು. ಅದೇ ಮೂಲದ ಪದ ದಕ್ಷಿಣ ಆಫ್ರಿಕಾದಲ್ಲಿ ಕರಿಯ ಜನರನ್ನು ಹೀಗಳೆಯುವ ಬೈಗುಳವಾಗಿ ಬೆಳೆದದ್ದರಿಂದ 2024ರ ಜುಲೈನಲ್ಲಿ ಮ್ಯಾಡ್ರಿಡ್‌ನ ಸಸ್ಯಶಾಸ್ತ್ರ ಸಮಾವೇಶ 351ಕ್ಕೆ 205 ಮತಗಳಿಂದ ಬದಲಿಸಲು ತೀರ್ಮಾನಿಸಿತು. ಮಾಡಿದ್ದು ಸಣ್ಣ ಶಸ್ತ್ರಚಿಕಿತ್ಸೆ: ಮೊದಲಿನ 'ಸಿ' ಅಕ್ಷರ ತೆಗೆದರು, 'ಆಫ್ರಾ' ಉಳಿಯಿತು, ಅರ್ಥ 'ಆಫ್ರಿಕಾದ' ಎಂದಾಯಿತು. ಸೆನೆಗಾಲಿಯಾ ಕಾಫ್ರಾ ಈಗ ಸೆನೆಗಾಲಿಯಾ ಆಫ್ರಾ, ಎರಿಥ್ರಿನಾ ಕಾಫ್ರಾ ಈಗ ಎರಿಥ್ರಿನಾ ಆಫ್ರಾ. ಇದನ್ನು ಕಾಗುಣಿತ ತಿದ್ದುಪಡಿ ಎಂದೇ ಲೆಕ್ಕ ಹಾಕುವುದರಿಂದ ಕರ್ತೃ, ವರ್ಷ ಬದಲಾಗುವುದಿಲ್ಲ. ಹಳೆಯ ದಾಖಲೆಯಲ್ಲಿ ಹುಡುಕುವಾಗ ಮಾತ್ರ ಎರಡೂ ರೂಪ ಹಾಕಿ ನೋಡಿ.

ಪ್ರಶ್ನೆ: ಹೆಸರು ಹೀಗೆ ಬದಲಾಗುತ್ತಿದ್ದರೆ, ಹಳೆಯ ಹೆಸರಿನಲ್ಲಿ ರಕ್ಷಿಸಿದ ಮರಕ್ಕೆ ಕಾನೂನಿನ ರಕ್ಷಣೆ ತಪ್ಪಿಹೋಗುವುದಿಲ್ಲವೇ?

ಉತ್ತರ: ತಪ್ಪುವುದಿಲ್ಲ. ದಕ್ಷಿಣ ಆಫ್ರಿಕಾದಲ್ಲಿ ಈ ಮರ 1998ರ ರಾಷ್ಟ್ರೀಯ ಅರಣ್ಯ ಕಾಯ್ದೆಯಡಿ ರಕ್ಷಿತ ಮರಗಳ ಪಟ್ಟಿಯಲ್ಲಿದೆ. ಆ ಪಟ್ಟಿಯಲ್ಲಿ ಲ್ಯಾಟಿನ್ ಹೆಸರಿನ ಪಕ್ಕದಲ್ಲೇ ಇಂಗ್ಲಿಷ್, ಆಫ್ರಿಕಾನ್ಸ್, ಸೆಟ್ಸ್ವಾನಾ ಹೆಸರುಗಳೂ ಒಂದು ರಾಷ್ಟ್ರೀಯ ಮರ ಸಂಖ್ಯೆಯೂ ಇರುತ್ತವೆ. ಅಲ್ಲಿನ ಸ್ಥಳೀಯ ಮರಗಳಿಗೆಲ್ಲ ಇಂಥ ಸಂಖ್ಯೆ ಇದೆ: ಒಂಟೆಮುಳ್ಳು 168, ಸ್ವೀಟ್ ಥಾರ್ನ್ 172, ಮರೂಲಾ 360. ಹಳೆಯ ಪಟ್ಟಿಯಲ್ಲಿ ಅಕೇಸಿಯಾ ಎಂದಿದ್ದರೂ ಹೊಸದರಲ್ಲಿ ವಾಚೆಲಿಯಾ ಎಂದಿದ್ದರೂ 168 ಅದೇ 168. ಉದ್ಯಾನಗಳಲ್ಲಿ ಮರಕ್ಕೆ ತೂಗುಹಾಕಿದ ತಗಡಿನ ಮೇಲಿನ ಅಂಕಿಯೂ ಇದೇ.

ಪರವಾನಗಿ ಇಲ್ಲದೆ ಕಡಿಯುವುದಷ್ಟೇ ಅಲ್ಲ, ಈ ಮರದಿಂದ ಬಂದ ಉತ್ಪನ್ನವನ್ನು ಇಟ್ಟುಕೊಳ್ಳುವುದು, ಸಾಗಿಸುವುದು, ಕೊಳ್ಳುವುದು, ಮಾರುವುದೂ ಅಲ್ಲಿ ಅಪರಾಧ. ಕಮೀಲ್‌ಡೋರಿಂಗ್ ಸೌದೆ ಗಟ್ಟಿ, ಕೆಂಡ ಬಹಳ ಹೊತ್ತು ನಿಲ್ಲುತ್ತದೆ, ಹಾಗಾಗಿ ಮಾಂಸ ಸುಡುವ ಬ್ರಾಯ್ ಒಲೆಗೆ ಅದಕ್ಕೇ ಬೇಡಿಕೆ. ಚೀಲದ ಮೇಲೆ ಯಾವ ಹೆಸರು ಬರೆದಿದ್ದರೂ ಕೊಳ್ಳುವವರು ಕೇಳಬೇಕಾದ್ದು ಪರವಾನಗಿ ಇದೆಯೇ ಎಂದು.